ಜೊತೆಗೆ ಬಂದವರು

ಲಾಡ್ಜಿನ ದಪ್ಪ ಪುಸ್ತಕದಲ್ಲಿ ಏಳು ಕಲಮು.
ಹೆಸರು: ನೀಲಗಂಗಾ ಹೂಲಿ. ಊರು: ರೋಣ.
ಕೆಲಸ: ಕೋರ್ಟಿನಲ್ಲಿ ಬೆರಳಚ್ಚು.
ಜೊತೆಗೆ ಬಂದವರು:
ಅಲ್ಲೊಂದು ಗೆರೆ ಎಳೆದೆ,
ಇಪ್ಪತ್ತೆರಡು ವರ್ಷ ಬೇರೆಯವರ ಜಗಳಗಳಲ್ಲಿ
ಖಾಲಿ ಜಾಗಕ್ಕೆ ಎಳೆದಂಥದೇ ಗೆರೆ.

ವಾಮನ ಶೇಟರು ಕನ್ನಡಕ ಇಳಿಸಿದರು.
"ಒಬ್ಬರೇ ಬಂದದ್ದಾ?"
"ಒಬ್ಬಾಕೀನರೀ."
"ಮದುವೆ ಉಂಟಾ, ಸಂಬಂಧಿಕರದ್ದು?"
"ಇಲ್ರೀ."
"ಆಸ್ಪತ್ರೆಗಾ?"
"ಆರಾಮ ಅದೀನ್ರೀ."
"ಮತ್ತೆ ಎಂತಕ್ಕೆ?"
"ಸಮುದ್ರ ನೋಡಾಕ."
ಅವರಿಗೆ ಅದು ಉತ್ತರ ಅನ್ನಿಸಲಿಲ್ಲ.
"ಏನಾದರೂ ಆದರೆ ಹೇಳಲಿಕ್ಕೆ
ಮನೆಯವರದ್ದೊಂದು ನಂಬರ್ ಬೇಕು."
ಬರೆದುಕೊಟ್ಟೆ. ನನ್ನದೇ ನಂಬರು.

ಮೊದಲ ದಿನ ನೀರಿನ ಹತ್ತಿರ ಹೋಗಲಿಲ್ಲ.
ಹೆದರಿಕೆಯೇನಲ್ಲ,
ಹುಗ್ಗಿಯನ್ನು ಕೊನೆಗೆ ಉಣ್ಣುವ ಅಭ್ಯಾಸ.
ಒಗೆದು ಹಾಕಿದ ಸೀರೆ ಮರುದಿನವೂ ಹಸಿ.
ನಮ್ಮ ಬಿಸಿಲು ಬೈದು ಹೋಗುತ್ತದೆ;
ಇಲ್ಲಿಯದು ಪಕ್ಕದಲ್ಲೇ ಕೂತು
ಕತ್ತಿನ ಮೇಲೆ ಉಸಿರು ಬಿಡುತ್ತದೆ.

ಸ್ಟೇಟ್ ಬ್ಯಾಂಕಿನಲ್ಲಿ ಬಸ್ಸಿನವರು ಊರುಗಳನ್ನು ಹರಾಜಿಗಿಟ್ಟಿದ್ದರು,
ಸುರತ್ಕಲ್ ಸುರತ್ಕಲ್, ಉಳ್ಳಾಲ ಉಳ್ಳಾಲ.
"ನಿಮಗೆ ಹೋಗಲಿಕ್ಕೆ ಎಲ್ಲಿಗೆ?" ಕಂಡಕ್ಟರ ಕೇಳಿದ,
ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ.
ನಾನು ಬಾಯಿ ಬಿಟ್ಟೆ, ಅರ್ಧ ಬಸ್ಸು ತಿರುಗಿ ನೋಡಿತು.
ಕನ್ನಡದೊಳಗೇ ಇನ್ನೊಂದು ಟಿಕೆಟು ತೆಗೆಯಬೇಕಾಯಿತು.

ಬಂದರಿನ ದಾರಿಯಲ್ಲಿ ಹೋಗುವಾಗ ಸೆರಗಿನಿಂದ ಮೂಗು ಮುಚ್ಚಿಕೊಂಡವಳು
ಬರುವಾಗ ಮರೆತಿದ್ದೆ.
ತಿರುವಿನಲ್ಲಿ ಸೆವ್ರಿನ್ ಬಾಯಿ, ಮುಂದೆ ಗೇರುಹಣ್ಣಿನ ಬುಟ್ಟಿ.
"ಸೀರೆಗೆ ತಾಗಿಸಬೇಡಿ, ಕಲೆ ಹೋಗುವುದಿಲ್ಲ."
ಗಂಟಲು ಹಿಡಿಯಿತು. ಅವಳಿಗೆ ನಗು.
"ಇದು ನಮ್ಮ ಊರಿನದ್ದಲ್ಲ ಬಾಯಿ,
ಬ್ರೆಜಿಲ್ ಅಂತ ಉಂಟಂತೆ, ಅಲ್ಲಿಂದ ಹಡಗಿನಲ್ಲಿ ಬಂದದ್ದು."
"ಹೊಳ್ಳಿ ಹೋಗಲಿಲ್ಲೇನ್ರೀ ಮತ್ತ?"
"ಎಲ್ಲಿಗೆ? ಗುಡ್ಡೆ ಸಿಕ್ಕಿತಲ್ಲ."
ಕೈಯಲ್ಲಿ ತಿರುಗಿಸಿ ನೋಡಿದೆ:
ಬೀಜವನ್ನು ಹೊಟ್ಟೆಯಲ್ಲಿ ಬಚ್ಚಿಡದೆ
ಹೊರಗೇ ತೂಗುಬಿಟ್ಟ ಹಣ್ಣು,
ಬಸ್ಸಿಗೆ ನಿಂತವಳ ಕೈಚೀಲದ ಹಾಗೆ.

ಸುಲ್ತಾನ್ ಬತ್ತೇರಿಯಿಂದ ಆಚೆ ದಡಕ್ಕೆ ದೋಣಿ.
"ಕಡೆಯದ್ದು ಆರೂವರೆಗೆ, ಮರೆಯಬೇಡಿ ಅಕ್ಕ," ಇದಿನಬ್ಬ ಹೇಳಿದ್ದ.

ಮರೆತೆ.

ತಣ್ಣೀರುಬಾವಿಯ ಸಮುದ್ರದ ಬಗ್ಗೆ
ಹೆಚ್ಚು ಹೇಳಲು ನನಗೆ ಬಾರದು.
ಅದು ಸಾಕ್ಷಿ ಹೇಳುತ್ತಿತ್ತು, ಒಂದೇ ಮಾತನ್ನು,
ವಕೀಲರಿಲ್ಲ, ಪಾಟೀಸವಾಲಿಲ್ಲ,
ಬರೆದುಕೋ ಎಂದು ಯಾರೂ ಅನ್ನಲಿಲ್ಲ.
ಬೆರಳುಗಳು ತೊಡೆಯ ಮೇಲೆ ತಾವಾಗಿ ಕುಟ್ಟುತ್ತಿದ್ದವು,
ಎಷ್ಟೋ ಹೊತ್ತು.
ಆಮೇಲೆ ನಿಂತವು.

ಮಕ್ಕಳು, ಚುರುಮುರಿಯವನು, ಒಂಟೆ, ಎಲ್ಲ ಹೋದ ಮೇಲೆ
ಚೀಲದೊಳಗೆ ಫೋನು ಬಡಿದುಕೊಂಡಿತು.
"ನಮಸ್ಕಾರ, ಮಂಗಳೂರಿನಿಂದ, ವಾಮನ ಶೇಟ್, ಲಾಡ್ಜಿನವ.
ನೀಲಗಂಗಾ ಅಂತ ಒಬ್ಬರು ನಿಮ್ಮ ನಂಬರ್ ಕೊಟ್ಟಿದ್ದಾರೆ.
ಎಂಟೂವರೆ ಆಯಿತು, ಇನ್ನೂ ಬರಲಿಲ್ಲ.
ಅವರ ಬಗ್ಗೆ ನಿಮಗೇನಾದರೂ ಗೊತ್ತುಂಟಾ?"

ತೆರೆಯೊಂದು ಬಂದು
ಹಿಮ್ಮಡಿಯ ಕೆಳಗಿನ ಮರಳನ್ನು ಎಳೆದುಕೊಂಡಿತು.
"ಈಗೀಗ ಒಂಚೂರು ಗೊತ್ತಾಗಾಕತ್ತೈತ್ರೀ," ಅಂದೆ.

ಆ ಕಡೆ ಫ್ಯಾನಿನ ಸದ್ದು.
ಪುಸ್ತಕದ ಹಾಳೆ ತಿರುವಿದ ಸದ್ದು.
ಒಂದು ಕೆಮ್ಮು.
"ಹಾಗಾದರೆ ಅವರಿಗೆ ಹೇಳಿ,
ದೋಣಿ ಇಲ್ಲ, ಕೂಳೂರು ಸಂಕದ ಮೇಲಿಂದ ಸುತ್ತಿ ಬರಬೇಕು.
ರಿಕ್ಷಾದವ ಬಾಯಿಗೆ ಬಂದದ್ದು ಕೇಳಿದರೆ ಕೊಡುವುದು ಬೇಡ.
ಗೇಟು ಹಾಕುವುದಿಲ್ಲ, ಹೇಳಿ."

"ಹೇಳ್ತೀನ್ರೀ," ಅಂದೆ.

ಆದರೆ ಆಕೆಗೆ ಕೂಡಲೇ ಹೇಳಲಿಲ್ಲ.